ಟ್ರಂಕಿನಲ್ಲೇ ಉಳಿದ ತಾಯಿ ಕಾರ್ಡ್

ಏಳು ತಿಂಗಳಿಗೆ ಸೀಮಂತದ ಕುಬಸ ಮುಗಿಸಿ, ಚನ್ನಬಸವ್ವ ಮಗಳು ಆರತಿಯನ್ನು ಬೆಂಗೇರಿಯ ಗಂಡನ ಮನೆಯಿಂದ ತನ್ನ ಹಳ್ಳಿಗೆ ಕರೆತಂದಳು. ಸೀರೆ ಬಂತು, ಬಳೆ ಬಂದವು, ಐದು ನಮೂನೆಯ ಉಂಡಿಯ ಬುಟ್ಟಿ ಬಂತು. ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮಾತ್ರ ಬೆಂಗೇರಿಯ ಟ್ರಂಕಿನಲ್ಲೇ ಉಳಿಯಿತು. ಕುಬಸಕ್ಕೆ ಸೇರಿದ್ದ ಅಷ್ಟು ಹೆಂಗಸರಲ್ಲಿ ಒಬ್ಬರಿಗೂ ಅದರ ನೆನಪಾಗಲಿಲ್ಲ.

ಒಮ್ಮೆ ತಾಯಿ-ಮಗಳು ಬಸ್ ಹತ್ತಿ ಸರ್ಕಾರಿ ದವಾಖಾನೆಗೆ ಹೋಗಿದ್ದರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದರು. ಕೊನೆಗೆ ಸಿಕ್ಕ ಉತ್ತರ, "ಕಾರ್ಡ್ ಇಲ್ಲಲ್ರಿ, ಗಂಡನ ಊರಾಗ ತೋರಿಸ್ಕೋರಿ." ಚನ್ನಬಸವ್ವನಿಗೆ ಅಂದೇ ಸಾಕಾಗಿ ಹೋಯಿತು. ತವರಿನಲ್ಲಿ ತೋರಿಸುತ್ತಾರೆಂದು ಬೀಗರು ಸುಮ್ಮನಿದ್ದರು. ಕಾರ್ಡ್ ಅಲ್ಲಿಯದೆಂದು ತವರಿನವರು ಸುಮ್ಮನಾದರು. ಹಾಗೇ ಎರಡು ತಿಂಗಳು ಕಳೆದವು.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಕಾಶೀಬಾಯಿ ಬಂದು ಕಟ್ಟೆಯ ಮೇಲೆ ಕುಳಿತಳು. ಮನೆ ಮನೆ ತಿರುಗಿ ಅವಳಿಗೂ ದಣಿವಾಗಿತ್ತು.

"ಆರತಿ ಹೆಸರ ನನ್ನ ಪಟ್ಟ್ಯಾಗ ಇಲ್ಲ, ನನಗ ಗೊತ್ತಾಗ್ಲೇ ಇಲ್ರಿ. ಕಾಲ ಯಾವಾಗಿಂದ ಬಾತಾವ?"

"ತುಂಬಿದ ಬಸರಿಗೆ ಕಾಲ ಬಾಯೂದು ಹೊಸಾದೇನು?" ಎಂದಳು ಚನ್ನಬಸವ್ವ. "ದವಾಖಾನಿ ಸುದ್ದಿ ತೆಗೀಬ್ಯಾಡ ಕಾಶೀಬಾಯಿ. ಕಾರ್ಡ್ ಇಲ್ಲಂತ ಒಮ್ಮೆ ತಿರುಗಿ ಕಳಿಸ್ಯಾರ, ಇನ್ನ ನನ್ನ ಕೈಲೆ ಆಗೂದಿಲ್ಲ."

ಆರತಿ ಮೆಲ್ಲಗೆ ಬಾಯಿಬಿಟ್ಟಳು. "ಯವ್ವಾ, ನಿನ್ನಿಯಿಂದ ತಲಿ ಸಿಡ್ಯಾಕತ್ತೈತಿ. ಕಣ್ಣೂ ಮಂಜ ಆಗಾಕತ್ತಾವ. ನೀ ದಣದೀ ಅಂತ ಹೇಳ್ಲಿಲ್ಲ."

ಚನ್ನಬಸವ್ವ ಮಗಳ ಹಣೆ ಮುಟ್ಟಿ ನೋಡಿದಳು.

ಕಾಶೀಬಾಯಿ ಕುಳಿತಲ್ಲೇ ಆಂಬುಲೆನ್ಸಿನ 108ಕ್ಕೆ ಫೋನ್ ಹಚ್ಚಿದಳು. "ನಿಮ್ಮನ್ನ ತಿರುಗಿ ಕಳಿಸಿದ್ದು ತಪ್ಪ ಐತ್ರಿ ಅಕ್ಕಾ. ಕಾರ್ಡ್ ಇರ್ಲಿ ಬಿಡ್ಲಿ, ಬಸರಿನ್ನ ನೋಡಬೇಕು. ಆದ್ರ ಆ ಸಿಟ್ಟಿಗೆ ಮಗಳನ್ನ ಮನ್ಯಾಗ ಇಟ್ಕೋಬ್ಯಾಡ್ರಿ. ಏಳ್ರಿ, ನಾನೂ ಬರ್ತೇನಿ."

ದೊಡ್ಡಾಸ್ಪತ್ರೆಯ ವೈದ್ಯೆ ಬಿಪಿ ನೋಡಿ ಗಾಬರಿಯಾದರು. "ಭಾಳ ಏರೇತಿ. ನಾಳಿಗೆ ಬಿಟ್ಟಿದ್ರ ಇಬ್ಬರ ಜೀವಕ್ಕೂ ಕುತ್ತಿತ್ತು" ಎಂದರು. ಕೂಡಲೇ ಔಷಧಿ ಶುರುವಾಯಿತು. ಮರುದಿನ ಹೆರಿಗೆಯಾಯಿತು, ಆರತಿ ಪಾರಾದಳು. ಕೂಸು ಸಣ್ಣದು, ಅಳು ಮಾತ್ರ ಜೋರು.

ಬೀಗರು ಕಾರ್ಡ್ ಹಿಡಿದು ಓಡಿಬಂದರು. ಚನ್ನಬಸವ್ವ ಬಿಚ್ಚಿ ನೋಡಿದಳು. ಕಡೆಯ ಎರಡು ತಿಂಗಳ ಜಾಗ ಖಾಲಿ ಇತ್ತು. "ನಾ ದಣದಿದ್ದೆ" ಎಂದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಅಕ್ಕ-ತಂಗಿಯರೇ, ತವರಿಗೆ ಹೊರಟ ಮಗಳ ಬುಟ್ಟಿಯಲ್ಲಿ ಉಂಡಿಗಿಂತ ಮೊದಲು ತಾಯಿ ಕಾರ್ಡ್ ಇಡಿ. ಬಂದ ದಿನವೇ ಆಶಾಗೆ ತಿಳಿಸಿ. ಬಿಪಿ, ರಕ್ತ, ಮೂತ್ರ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ತಿರುಗಿ ಕಳಿಸಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ದೂರು ಹೇಳಿ. ತಲೆ ಸಿಡಿದರೆ, ಕಣ್ಣು ಮಂಜಾದರೆ, ಮುಖ-ಕೈ ಬಾತರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆ ಬೆಂಚಿನ ಮೇಲೆ ಕೂತು ಕೂತು ನಿಮಗೂ ಸಾಕಾಗಿದೆ, ನಮಗೆ ಗೊತ್ತು. ಆದರೂ ಇನ್ನೊಮ್ಮೆ ಹೋಗಿ.