ಮಡಚಿಕೊಂಡ ಕೈ

ಇನ್ನ ಬಿಡ್ಲಾ ಇದನ್ನ, ಎಂದು ಮುಂದಿನ ಸೀಟಿನ ಮುದುಕ ಕೇಳಿದ, ಯಾರನ್ನೂ ಅಲ್ಲ, ಗಡಗಡ ಅಲುಗುವ ಬಸ್ಸಿನ ಕಿಟಕಿ ಗಾಜನ್ನು ಅಂಗೈಯಲ್ಲಿ ಒತ್ತಿ ಹಿಡಿದು ಆ ಗಾಜಿಗೇ ಕೇಳಿದ ಹಾಗೆ, ಯಾರೂ ಉತ್ತರ ಕೊಡಲಿಲ್ಲ, ಕವನಾಳೂ ಕೊಡಲಿಲ್ಲ, ಬಿಡಿ ಅಜ್ಜ ಅನ್ನಲು ಎಷ್ಟು ಹೊತ್ತು ಬೇಕಿತ್ತು, ನಾಲಿಗೆ ಏಳಲಿಲ್ಲ, ಬೇಕಾದ ಹೊತ್ತಿಗೆ ಏಳದಿರುವುದು ಈ ನಾಲಿಗೆಗೆ ಹೊಸದಲ್ಲ — ಮಡಚಿಕೊಂಡ ಕೈ, ಮೊಣಕೈಯ ಸಂದಿಯಲ್ಲಿ ಹತ್ತಿ — ಬೇಡ, ಈಗ ಅದು ಬೇಡ, ಕೋಣಂದೂರು ದಾಟಿತು, ಇನ್ನೇನು ಹುಂಚ, ಫೋನಿನಲ್ಲಿ ಚಾರ್ಜ್ ಇದೆ, ಒಂದೇ ಒಂದು ವಿಡಿಯೋ ಸಾಕು ಎಂದಿದ್ದಾರೆ ಪಾಠ ಹೇಳಿದ ಮನೋರಮಾ ಮೇಡಮ್, ಆ ಹೆಂಗಸು ತನ್ನ ಮಾತಲ್ಲೇ ಹೇಳಲಿ, ಕವನಾ ನನಗೆ ಎಲ್ಲ ತಿಳಿಸಿ ಹೇಳಿದಳು, ನಾನು ಮನಸಾರೆ ಒಪ್ಪಿ ರಕ್ತ ಕೊಟ್ಟೆ ಅಂತ, ಅಷ್ಟಾದರೆ ಪುಣೆಯ ಕೆಲಸ ನಿನ್ನದೇ. ಆ ಕೆಲಸದ ಸಂದರ್ಶನದಲ್ಲಿ ಆ ಹೆಂಗಸಿನ, ದುರ್ಗಮ್ಮನ, ಕತೆ ಎತ್ತಿದವಳು ತಾನೇ, ಯಾರೂ ಕೇಳಿರಲಿಲ್ಲ, ಓದು ಬಾರದ ಹೆಂಗಸರಿಗೆ ಒಪ್ಪಿಗೆ ಪತ್ರವನ್ನು ಹೇಗೆ ಮುಟ್ಟಿಸಿದೆ ಎಂದು ಹೇಳುತ್ತಿದ್ದಾಗ ಪರದೆಯ ಮೇಲಿನ ಮುಖಗಳೆಲ್ಲ ಅರಳಿದ್ದವು, ಅರಳಿದ ಮುಖಗಳನ್ನು ಕಂಡು ಇನ್ನೂ ಸ್ವಲ್ಪ ಹೇಳಿದಳು, ದುರ್ಗಮ್ಮ ಕೇಳಿದ್ದ ಒಂದು ಪ್ರಶ್ನೆಯನ್ನು ಮಾತ್ರ ಹೇಳಲಿಲ್ಲ. ಸರಿ ತಪ್ಪು ನೋಡೋಕೂ ಸಂಬಳ ಕೊಡ್ತಾರೇನೇ, ಹಂಗಾದ್ರೆ ನಮ್ಮ ಅತ್ತೆಗೆ ಎಷ್ಟು ಬರಬೇಕಿತ್ತು, ಎಂದು ಅಣ್ಣ ರವೀಶ್ ನಕ್ಕಿದ್ದ, ಬಯೋಎಥಿಕ್ಸ್, ವೈದ್ಯಕೀಯದ ಸರಿ ತಪ್ಪಿನ ಓದು, ಅಂದರೆ ಡಾಕ್ಟರೂ ಅಲ್ಲ ಲಾಯರೂ ಅಲ್ಲ ಎಂದು ತೀರ್ಥಹಳ್ಳಿಯ ನೆಂಟರೆಲ್ಲ ಮರುಗಿದ್ದರು, ಮೇಡಮ್ ಮಾತ್ರ ಮೊದಲ ತರಗತಿಯಲ್ಲೇ ಬೋರ್ಡಿನ ಮೇಲೆ ಈ ಓದಿಗೆ ಸಿಗುವ ಕೆಲಸಗಳ ಒಂದು ಮರ ಬರೆದು ತೋರಿಸಿದ್ದರು, ಆಸ್ಪತ್ರೆಯ ಸಮಿತಿ ಒಂದು ಕೊಂಬೆ, ಔಷಧ ಕಂಪನಿ ಇನ್ನೊಂದು, ಪಾಠ ಹೇಳುವುದು, ಕಾನೂನು ಬರೆಯುವುದು, ತುತ್ತತುದಿಯಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ, ಬುಡದಲ್ಲಿ ಏನಿದೆ ಎಂದು ಬರೆದಿರಲಿಲ್ಲ — ಬುಡದಲ್ಲಿ ಮಡಚಿಕೊಂಡ ಒಂದು ಕೈ.

ಆವತ್ತು ಸಂಶೋಧನೆಗೆ ರಕ್ತ ತೆಗೆಯಲು ನಡೆದ ಮಂಗನ ಕಾಯಿಲೆಯ ಕ್ಯಾಂಪು, ಶಾಲೆಯ ಅಂಗಳ, ಎಲೆ ಗುಡಿಸಲು ಕಾಡಿಗೆ ಹೋಗುವ ಹೆಂಗಸರ ಸಾಲು, ಮೇಜಿನ ಒಂದು ತುದಿಯಲ್ಲಿ ಒಪ್ಪಿಗೆ ಪತ್ರ, ಇಂಕ್ ಪ್ಯಾಡು, ಇನ್ನೊಂದು ತುದಿಯಲ್ಲಿ ಕಾಯಿಲೆ ತರುವ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿಗಳು, ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟವರು ಯಾರು, ಬೇರೆ ಮೇಜು ಇರಲಿಲ್ಲ, ಕೇಳಿದ್ದರೆ ಸಿಗುತ್ತಿತ್ತು. ಕವನಾ ಆ ಪತ್ರ ಓದಿದಳು, ಸುಮ್ಮನೆ ಓದಲಿಲ್ಲ, ತುಂಗಜ್ಜಿಯ ಹಾಗೆ ಓದಿದಳು, ಸಂಜೆ ದೀಪ ಹಚ್ಚಿ, ಕೈಕಾಲು ತೊಳೆದು, ಪುಸ್ತಕಕ್ಕೆ ನಮಸ್ಕಾರ ಮಾಡಿ ಅಜ್ಜಿ ಗಮಕಕ್ಕೆ ಕೂರುತ್ತಿದ್ದಳಲ್ಲ, ಮೊದಲು ಕಿವಿ ಕೊಡು ಮಗಾ, ಅರ್ಥ ಆಮೇಲೆ ತಾನೇ ಬರ್ತದೆ ಅನ್ನುತ್ತಿದ್ದಳಲ್ಲ, ಸಾಲಿನ ಕೊನೆಯನ್ನು ಹೇಗೆ ಎಳೆದರೆ ಕೇಳುವವರ ತಲೆ ತೂಗುತ್ತದೆ ಎಂಬುದು ಆ ಮಡಿಲಲ್ಲೇ ಬಂದದ್ದು, ಮಿಕ್ಕ ರಕ್ತವನ್ನು ಬೇರೆ ಸಂಶೋಧನೆಗೆ ಕಾದಿರಿಸಲಾಗುವುದು ಎಂಬಲ್ಲಿ ಎಳೆದಳು, ತಾವು ಒಪ್ಪದೆಯೂ ಇರಬಹುದು ಎಂಬಲ್ಲಿ ಇಳಿಸಿದಳು, ತಲೆಗಳು ತೂಗಿದವು, ದೇವರ ಮುಂದೆ ಇಡಬೇಕಾದ ಸ್ವರವನ್ನು ತಂದು ಇಂಕ್ ಪ್ಯಾಡಿನ ಮುಂದೆ ಇಟ್ಟಳು. ಬ್ಯಾಡ ಅಂದ್ರೆ ಎಣ್ಣೆ ಕೊಡಲ್ವಾ ಅಮ್ಮಾ, ಎಂದು ಕೇಳಿದವಳು ದುರ್ಗಮ್ಮ ಒಬ್ಬಳೇ. ಎಣ್ಣೆ ಸರ್ಕಾರದ್ದು, ರಕ್ತ ಕೊಟ್ಟರೂ ಕೊಡದಿದ್ದರೂ ಸಿಗುತ್ತದೆ, ಉತ್ತರ ಬಾಯಲ್ಲೇ ಇತ್ತು, ಡಾಕ್ಟರು ಗಡಿಯಾರ ನೋಡಿದರು, ಬಿಸಿಲು ಏರಿತ್ತು, ಒಬ್ಬಳು ಬೇಡ ಅಂದರೆ ಸಾಲೆಲ್ಲ ಬೇಡ ಅಂದೀತು — ಕವನಾ ನಕ್ಕಳು, ಅಷ್ಟೇ, ಚೆಂದವಾಗಿ ನಕ್ಕು ಪ್ಯಾಡನ್ನು ಮುಂದಕ್ಕೆ ಸರಿಸಿದಳು, ದುರ್ಗಮ್ಮ ಹೆಬ್ಬೆಟ್ಟು ಒತ್ತಿದಳು. ಚೆಂದ ಓದ್ತೀರಿ ಕವನಮ್ಮ, ನಮ್ಮ ಕೇರಿಗೂ ಬಂದು ಒಂದ್ಸಲ ಕತೆ ಓದಿ, ಎಂದೂ ಅಂದಳು, ಆ ಮಾತಿಗೆ ಕವನಾ ಉಬ್ಬಿದಳು, ಉಬ್ಬಿದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ, ರಾಮ ರಾಮ. ಸಂಜೆ ವ್ಯಾನು ಹೊರಟಾಗ ರಸ್ತೆ ಬದಿಯಲ್ಲಿ ದುರ್ಗಮ್ಮ ನಿಂತಿದ್ದಳು, ಕಾಲ ಬಳಿ ಒಣ ಎಲೆಯ ಹೊರೆ, ಒಂದು ಕೈಯಲ್ಲಿ ಎಣ್ಣೆ ಬಾಟಲಿ, ಇನ್ನೊಂದು ಕೈ ಬೆಳಿಗ್ಗೆ ಮಡಚಿದಂತೆಯೇ ಎದೆಗೆ ಒತ್ತಿ, ಸಂದಿಯಲ್ಲಿ ಹತ್ತಿ, ಹಿಡ್ಕೊಂಡಿರಿ ಅಂದಿದ್ದಳು ನರ್ಸು, ಬಿಡಿ ಅಂತ ಯಾರೂ ಅಂದಿರಲಿಲ್ಲ, ಆ ಕೈ ಬಿಡಿಸದೆ ಹೊರೆ ತಲೆಗೆ ಏರುವುದಿಲ್ಲ, ಕವನಾ ನೋಡಿದಳು, ಗಾಜಿನ ಹಿಂದಿನಿಂದ ನೋಡಿದಳು, ವ್ಯಾನು ನಿಲ್ಲಿಸಿ ಅನ್ನಲಿಲ್ಲ.

ಹುಂಚ ಬಂತು, ಮುದುಕ ಇನ್ನೂ ಗಾಜು ಹಿಡಿದೇ ಇದ್ದ, ಕವನಾ ಇಳಿದಳು. ಕೇರಿಯ ದಾರಿ, ಧೂಳು, ಒಂದು ನಾಯಿ, ದುರ್ಗಮ್ಮ ಅಂಗಳದಲ್ಲಿ ಕೂತು ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಾಳೆ, ಎರಡೂ ಕೈ ಆಡುತ್ತಿವೆ, ಅಯ್ಯ ಕವನಮ್ಮ, ಬಡವಾಗಿದೀರಲ್ಲ, ನಿಮ್ಮ ರಕ್ತಾನೂ ಯಾರಾದ್ರೂ ತೆಗೆದ್ರಾ, ಎಂದು ನಗುತ್ತ ನೀರು ಬೆಲ್ಲ ತಂದಿಟ್ಟಳು. ಕವನಾ ಬೆಲ್ಲ ಬದಿಗಿಟ್ಟಳು. ರಕ್ತ ಅಲ್ಲ ದುರ್ಗಮ್ಮ, ಒಂದು ಮಾತು ಬೇಕಿತ್ತು, ಎಂದು ಕವನಾ ತೊಡಗಿದಳು, ಪುಣೆ, ಕೆಲಸ, ವಿಡಿಯೋ, ಎಲ್ಲ ತಿಳಿಸಿದ್ದೆ ಅಂತ ನೀವು ಅಂದರೆ ಸಾಕು — ಸಾಲಿನ ಕೊನೆ ತಾನಾಗಿ ಉದ್ದವಾಗುತ್ತಿದೆ, ಸ್ವರ ಇಳಿಯಬೇಕಾದಲ್ಲಿ ಇಳಿಯುತ್ತಿದೆ, ದುರ್ಗಮ್ಮನ ತಲೆ ತೂಗತೊಡಗಿದೆ, ಇನ್ನೊಂದು ಸಾಲು ಓದಿದರೆ ಆಯಿತು, ಕೆಲಸ ಆಯಿತು — ದುರ್ಗಮ್ಮ ಕತ್ತಿ ಕೆಳಗಿಟ್ಟಳು.

ಬ್ಯಾಡ ಅಂದ್ರೆ?

ನಗು ತುಟಿಯ ತನಕ ಬಂದಿತ್ತು, ಅದೇ ಚೆಂದದ ನಗು. ನುಂಗಿದಳು. ಬೇಡ ಅಂದ್ರೆ ನಿಮಗೆ ಏನೂ ಆಗಲ್ಲ ದುರ್ಗಮ್ಮ, ಅಂದಳು, ಸ್ವರವಿಲ್ಲದ, ಒಣಗಿದ, ಯಾರದ್ದೋ ಎಂಬಂಥ ದನಿ, ಆವತ್ತೂ ಏನೂ ಆಗ್ತಿರಲಿಲ್ಲ, ಎಣ್ಣೆ ಸಿಗ್ತಿತ್ತು. ದುರ್ಗಮ್ಮ ಅವಳನ್ನೇ ನೋಡಿದಳು, ಸಿಟ್ಟಿಲ್ಲದೆ.

ಹಂಗಾದ್ರೆ ಬ್ಯಾಡ. ನಾ ಹೇಳಲ್ಲ.

ಕತ್ತಿ ಎತ್ತಿಕೊಂಡು ಮತ್ತೆ ಗರಿ ಸೀಳತೊಡಗಿದಳು, ಕೈ ನೀಡಿ, ಎಳೆದು, ಕವನಾಳ ಕಣ್ಣಿಗೆ ಮಾತ್ರ ಆ ಕೈ ಮಡಚಿಯೇ ಇದೆ, ಎದೆಗೆ ಒತ್ತಿಕೊಂಡು, ಸಂದಿಯಲ್ಲಿ ಹತ್ತಿ, ಮಡಚಿಯೇ ಇದೆ, ಕಾಲ ಬಳಿ ಹೊರೆ —