ಮಲಬೋನ್ ಓಣಿಯ ಎರಡು ತಂತಿಗಳು

ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಾನು ಓಣಿಯಲ್ಲಿ ಕಂಡಕಂಡದ್ದಕ್ಕೆಲ್ಲ ಟೆಸ್ಟರ್ ಚುಚ್ಚಿ ಮುಗಿಸಿದ್ದೆ. ತಗಡಿನ ಗೇಟು, ಬೀದಿ ನಲ್ಲಿ, ಪಕ್ಕದ ಮನೆಯ ಮಾಂಗ್ ತೆಬಾನ್ ಓಡಿಸುವ ಟ್ರೈಸಿಕಲ್, ಕೊನೆಗೆ ನನ್ನ ಚಿಕ್ಕಮ್ಮ ತೀತಾ ನೆನಿಂಗ್‌ಳ ಮೊಣಕೈ.

"ಕರೆಂಟ್ ಇಲ್ಲ," ಎಂದು ಗಂಭೀರವಾಗಿ ವರದಿ ಒಪ್ಪಿಸಿದೆ.

"ನಿನ್ ಚಿಕ್ಕಪ್ಪ ಹೋದ ದಿನಾನೇ ಅದೂ ಹೋಯ್ತಲ್ಲೇ," ಎಂದು ತೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ಮಾರಿಫೆ, ದೂರದ ದ್ವೀಪವೊಂದರ ಅಂತೀಕೆ ಕಡೆಯವಳು; ಕೆಲಸಕ್ಕೆಂದು ಮಲಬೋನ್ ಪಟ್ಟಣಕ್ಕೆ ಬಂದು ಚಿಕ್ಕಮ್ಮನ ಮನೆಯಲ್ಲಿ ಇಳಿದಿದ್ದೆ. ಎಲೆಕ್ಟ್ರಿಷಿಯನ್ ಸರ್ಟಿಫಿಕೇಟು ಕೈಗೆ ಬಂದು ಹನ್ನೊಂದು ದಿನವಾಗಿತ್ತು. ಸೋಮವಾರ ಬೆಳಿಗ್ಗೆ ಏಳಕ್ಕೆ ಒಬ್ಬ ಗುತ್ತಿಗೆದಾರನ ಹತ್ತಿರ ಒಂದು ದಿನದ ಪರೀಕ್ಷೆಯ ಕೆಲಸ. ಮೇಸ್ತ್ರಿ ನೋಡುತ್ತಾ ನಿಲ್ಲುತ್ತಾರೆ. ಹಿಡಿಸಿದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಮತ್ತೆ ಹಡಗು ಹತ್ತಿ ಊರಿಗೆ, ಅಪ್ಪನ ಒಣಮೀನಿನ ಚಪ್ಪರಕ್ಕೆ. ಒಣಮೀನು ತಿನ್ನುವುದು ನನಗಿಷ್ಟ, ಬಿಸಿಲಲ್ಲಿ ತಿರುವಿ ಹಾಕುವುದಲ್ಲ. ಈ ಕೆಲಸ ನನಗೆ ಬೇಕೇ ಬೇಕಾಗಿತ್ತು. ಹೆದರಿಕೆಗೋ ಖುಷಿಗೋ ಬೆಳಗಿನಿಂದ ಬಿಕ್ಕಳಿಕೆ ಹತ್ತಿಕೊಂಡಿತ್ತು.

ತಯಾರಿ ಜೋರಾಗಿ ನಡೆದಿತ್ತು. ಹಳೇ ಬಟ್ಟೆಯ ಅಂಗಡಿಯಿಂದ ತಂದ ಬೂಟು ಒಂದಂಗುಲ ದೊಡ್ಡದು; ಅದರ ಮೂತಿಗೆ ಕಾಗದ ತುರುಕಿದ್ದಾಯಿತು. ಹಲಗೆಯ ಮೇಲೆ ಒಂದೇ ಸ್ವಿಚ್ಚನ್ನು ಇಪ್ಪತ್ತಾರು ಸಲ ಕೂಡಿಸಿ ಬಿಚ್ಚಿದ್ದೆ, ಕೊನೆಯ ಸಲ ಕಣ್ಣು ಮುಚ್ಚಿಕೊಂಡು. ತೀತಾ ಬಾಣಲೆ ತುಂಬ ಪಾನ್ಸಿತ್ ಶಾವಿಗೆ ಮಾಡಿ, ಕೆಲಸ ಉದ್ದಕ್ಕೆ ಬರಲಿ ಎಂದು ಒಂದು ಎಳೆಯನ್ನೂ ಕಡಿಯಲು ಬಿಡದೆ ತಿನ್ನಿಸಿದಳು. ಆಮೇಲೆ ಬಾಡಿಗೆಗೆ ಕರೋಕೆ ಪೆಟ್ಟಿಗೆ ತರಿಸಿದಳು. ಕೆಲಸ ಇನ್ನೂ ಸಿಕ್ಕಿಲ್ಲವಲ್ಲ ಎಂದರೆ, "ಸಿಕ್ಕಿದ್ಮೇಲೆ ಇನ್ನೊಂದ್ಸಲ ತರ್ಸೋಣ ಬಿಡು," ಎಂದಳು. ಓಣಿಯವರೆಲ್ಲ ಹಾಡಲು ಸರದಿಗೆ ನಿಂತರು.

ಕೊನೆಯ ಅಭ್ಯಾಸಕ್ಕೆ ಅಡುಗೆಮನೆಯ ಬಲ್ಬಿನ ಹೋಲ್ಡರ್ ಬದಲಿಸುವುದೆಂದು ತೀರ್ಮಾನವಾಯಿತು. ಮೊದಲು ಮೇನ್ ಆಫ್ ಮಾಡಿ ಎಂದು ತರಬೇತಿಯ ಮೇಷ್ಟ್ರು ನೂರು ಸಲ ಹೇಳಿದ್ದರು. ಆದರೆ ಮೇನ್ ಆಫ್ ಮಾಡಿದರೆ ತೀತಾಳ ಹಾಡು ಅರ್ಧಕ್ಕೇ ನಿಲ್ಲುತ್ತದೆ, ಅದೂ ಅವಳು ಎತ್ತರದ ಸ್ವರ ಹಿಡಿಯುವ ಹೊತ್ತಿಗೆ. ಅಷ್ಟು ಧೈರ್ಯ ನನಗಿರಲಿಲ್ಲ. ಗೋಡೆಯ ಸ್ವಿಚ್ಚೊಂದನ್ನೇ ಆಫ್ ಮಾಡಿ ಸ್ಟೂಲು ಹತ್ತಿದೆ. ಹಳೇ ಹೋಲ್ಡರ್ ಬಿಚ್ಚಿ ಮೊದಲ ತಂತಿಗೆ ಟೆಸ್ಟರ್ ಇಟ್ಟೆ, ಬೆಳಕಿಲ್ಲ. ಎರಡನೆಯದಕ್ಕೆ ಇಟ್ಟೆ, ಕೆಂಪಗೆ ಹೊತ್ತಿಕೊಂಡಿತು.

ನಮ್ಮೂರಿನಲ್ಲಿ ಕರೆಂಟ್ ಇರುವುದು ಒಂದೇ ತಂತಿಯಲ್ಲಿ. ಇನ್ನೊಂದು ಯಾವಾಗಲೂ ಸತ್ತದ್ದು. ಸ್ವಿಚ್ ಆಫ್ ಮಾಡಿದರೆ ಮುಗಿಯಿತು, ಎರಡೂ ಸತ್ತಂತೆ. ಹಾಗಾಗಿ ನನಗೆ ತೋಚಿದ್ದು ಒಂದೇ: ಬೆಳಗಿನಿಂದ ಗೇಟು, ಮೊಣಕೈ ಎಂದು ಚುಚ್ಚಿ ಚುಚ್ಚಿ ಟೆಸ್ಟರ್ ಕೆಟ್ಟಿದೆ. ಅದನ್ನು ಜೇಬಿಗೆ ಹಾಕಿ, ಬಿಕ್ಕಳಿಸುತ್ತಾ ತಂತಿಗೆ ಬೆರಳು ಚಾಚಿದೆ.

"ತಾಬಿ ತಾಬಿ ಹೇಳಿದ್ಯೇನೇ, ಮಾರಿಫೆ?"

ಮನೆ ಮುಂದೆ ಹಾಡುತ್ತಿದ್ದ ತೀತಾ ಕಿಟಕಿಯಿಂದ ನನ್ನನ್ನು ಕಂಡು, ಹಾಡಿನ ನಡುವೆಯೇ ಮೈಕಿನಲ್ಲಿ ಕೇಳಿದ್ದು ಮೂರು ಓಣಿಗೆ ಕೇಳಿಸಿತು. ತಾಬಿ ತಾಬಿ ಎಂದರೆ ಸ್ವಲ್ಪ ದಾರಿ ಬಿಡಿ ಎಂದು. ದೊಡ್ಡ ಮರದಡಿ, ಹುತ್ತದ ಪಕ್ಕ ಹೋಗುವಾಗ ಕಣ್ಣಿಗೆ ಕಾಣದವರಿಗೆ ನಾವು ಹೇಳುವ ಮಾತು. ಕರೆಂಟೂ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ತಂತಿಗೂ ಹೇಳಬೇಕು ಎನ್ನುವುದು ತೀತಾಳ ವಾದ.

"ಕೈ ಹಿಂದಕ್ಕೆ ತಗೊಂಡು ಹೇಳು! ಸರ್ಟಿಫಿಕೇಟ್ ಬಂದ್ಬಿಟ್ರೆ ಮರ್ಯಾದೆ ಬಿಟ್ಬಿಡೋದಾ?"

ನಾಚಿಕೆಯಿಂದ ಕೈ ಹಿಂದಕ್ಕೆಳೆದು ಹೇಳಿದೆ. ಓಣಿ ಹೋ ಎಂದಿತು. ಮುಂದಿನ ಹಾಡಿಗೆ ಕಾಯುತ್ತಿದ್ದ ಮಾಂಗ್ ತೆಬಾನ್ ಬಾಗಿಲಲ್ಲಿ ಇಣುಕಿದರು. ಮೂವತ್ತು ವರ್ಷದಿಂದ ಓಣಿಯ ಫ್ಯೂಸುಗಳನ್ನೆಲ್ಲ ಕಟ್ಟುತ್ತಾ ಬಂದವರು ಅವರೇ.

"ಏನಾಯ್ತಮ್ಮ?"

"ಟೆಸ್ಟರ್ ಕೆಟ್ಟಿದೆ. ಸತ್ತಿರೋ ತಂತೀಲಿ ಕರೆಂಟ್ ತೋರಿಸ್ತಿದೆ."

ಅವರ ಮುಖದ ನಗೆ ಹೋಯಿತು. ನನ್ನನ್ನು ಇಳಿಸಿ, ತಾವೇ ಹತ್ತಿ ಟೆಸ್ಟರ್ ಇಟ್ಟು ನೋಡಿದರು. "ಸತ್ತಿದೆ ಅಂತ ಯಾರು ಹೇಳಿದ್ದು? ನಿಮ್ಮೂರಲ್ಲಿ ಒಂದು ತಂತಿ ಮಲಗಿರತ್ತೆ. ಈ ಓಣೀಲಿ ಎರಡೂ ಎದ್ದಿರ್ತವೆ ಕಣಮ್ಮ. ಸ್ವಿಚ್ಚು ಒಂದನ್ನ ಮಲಗಿಸತ್ತೆ, ಅಷ್ಟೇ. ಇನ್ನೊಂದು ನಿನ್ನನ್ನೇ ಕಾಯ್ತಾ ಇತ್ತು."

ನನ್ನ ಬಿಕ್ಕಳಿಕೆ ಗಕ್ಕನೆ ನಿಂತುಹೋಯಿತು. ಸೀದಾ ಹೋಗಿ ಮೇನ್ ಆಫ್ ಮಾಡಿದೆ. ತೀತಾಳ ಎತ್ತರದ ಸ್ವರ ಅರ್ಧಕ್ಕೇ ಕತ್ತರಿಸಿಹೋಯಿತು. ಮನೆ ಮುಂದೆ ಎದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಎರಡೂ ತಂತಿಗೆ ಟೆಸ್ಟರ್ ಇಟ್ಟು ನೋಡಿ, ಆರು ನಿಮಿಷದಲ್ಲಿ ಹೋಲ್ಡರ್ ಬದಲಿಸಿದೆ.

ಸೋಮವಾರ ಮೇಸ್ತ್ರಿ ಹಿಲಾರಿಯೋ ನನ್ನನ್ನು ಒಂದು ಹಳೇ ಬೇಕರಿಯ ಹಿಂಬದಿಗೆ ಕರೆದುಕೊಂಡು ಹೋದರು. ಮೇಲಿನಿಂದ ಎರಡು ತಂತಿ ನೇತಾಡುತ್ತಿದ್ದವು. "ಸ್ವಿಚ್ ಆಫ್ ಮಾಡಿದೀನಿ. ಹೋಲ್ಡರ್ ಕೂಡಿಸು," ಎಂದು ಗೋಡೆಗೆ ಒರಗಿ ನಿಂತರು.

ಏಣಿ ಹತ್ತಿದೆ. ಬಾಯಿ ತಾನಾಗಿಯೇ "ತಾಬಿ ತಾಬಿ" ಎಂದುಬಿಟ್ಟಿತು. ಟೆಸ್ಟರ್ ಇಟ್ಟೆ. ಒಂದು ಮಲಗಿತ್ತು, ಒಂದು ಎದ್ದಿತ್ತು.

"ಯಾರ್ ಜೊತೆ ಮಾತಾಡ್ತಿದೀಯಾ?"

"ಎರಡನೇ ತಂತಿ ಜೊತೆ, ಸರ್. ಅದಿನ್ನೂ ಎದ್ದಿದೆ. ಮೇನ್ ನೀವು ಆಫ್ ಮಾಡ್ತೀರಾ, ನಾನೇ ಇಳಿದು ಮಾಡ್ಲಾ?"

ಮೇಸ್ತ್ರಿ ನನ್ನ ಬೂಟನ್ನು ದಿಟ್ಟಿಸಿದರು. ಕೆಲಸ ಹೋಯಿತು, ಒಣಮೀನೇ ಗತಿ ಎಂದುಕೊಂಡೆ. ಆಗ ಕಣ್ಣಿಗೆ ಬಿತ್ತು, ಅವರ ಕೈ ಮೊದಲಿನಿಂದಲೂ ಮೇನ್ ಸ್ವಿಚ್ಚಿನ ಮೇಲೆಯೇ ಇತ್ತು.

"ಹೋದ್ ವಾರ ಮೂರು ಜನ ಬಂದಿದ್ರು," ಎಂದರು. "ಮೂವರ ಕೈಯೂ ಸೀದಾ ತಂತಿಗೇ ಹೋಯ್ತು. ಮುಟ್ಟೋದ್ರೊಳಗೆ ನಾನೇ ಮೇನ್ ಎಳೆದು ಮನೆಗೆ ಕಳಿಸ್ದೆ." ಮೇನ್ ಕೆಳಗೆಳೆದರು. "ಈಗ ಕೂಡಿಸು. ನಾಳೆ ಆರೂವರೆಗೇ ಬಾ. ಬರುವಾಗ ನಿನ್ ಅಳತೆ ಬೂಟ್ ಹಾಕ್ಕೊಂಡ್ ಬಾ."

ಏಣಿಯ ಮೇಲೆಯೇ ಕುಣಿಯಬೇಕೆನಿಸಿತು. ಮೊದಲು ಎರಡೂ ತಂತಿಗೆ ಟೆಸ್ಟರ್ ಇಟ್ಟೆ. ಮಲಗಿದ್ದವು. ಬಿಕ್ಕಳಿಕೆ ಮಾತ್ರ ಮತ್ತೆ ಎದ್ದು ಕೂತಿತು.