ಚುಕ್ಕೆಗಳ ಪುಸ್ತಕ

ವಾರಕ್ಕೊಂದು ಪೀರಿಯಡ್ ಖಾಲಿ ಇದ್ದದ್ದೇ ತಪ್ಪಾಯಿತು. ಹತ್ತನೇ ತರಗತಿಯವರಿಗೆ ವೃತ್ತಿ ಮಾರ್ಗದರ್ಶನ ಮಾಡುವ ಕೆಲಸವನ್ನು ಹೆಡ್‌ಮಾಸ್ಟರು ಜೀವಶಾಸ್ತ್ರದ ಟೀಚರ ತಲೆಗೆ ಕಟ್ಟಿದರು. ಆಕೆ ಕಾಟಾಚಾರಕ್ಕೆ ಏನನ್ನೂ ಮಾಡುವವರಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ಲ್ಯಾಬಿಗೆ ಕರೆದು, ಮುಂದೇನಾಗಬೇಕು ಎಂದು ಕೇಳತೊಡಗಿದರು. ಹೆಚ್ಚಿನವರು "ಗೊತ್ತಿಲ್ಲ ಮಿಸ್" ಎಂದು ಹಲ್ಲು ಕಿರಿದರು. ಒಬ್ಬಳು ಮಾತ್ರ ಸ್ಟೂಲಿನ ಮೇಲೆ ಕೂರುವ ಮೊದಲೇ ಹೇಳಿಬಿಟ್ಟಳು.

"ರೈಲು ಓಡಿಸ್ತೀನಿ ಮಿಸ್. ನಮ್ಮಪ್ಪನ ಥರ."

ಕ್ಲಾಸಿನವರೆಲ್ಲ ಅವಳನ್ನು ಇಂಜಿನ್ ಎಂದೇ ಕರೆಯುತ್ತಿದ್ದರು. ಕರೆದರೆ ಅವಳಿಗೂ ಹಿಗ್ಗು. ಟೀಚರಿಗೆ ಖುಷಿಯಾಯಿತು. ಆ ಕೆಲಸಕ್ಕೆ ಕಣ್ಣಿನ ಪರೀಕ್ಷೆ ಬಲು ಬಿಗಿ ಎಂದು ತಿಳಿದು, ಪರಿಚಯದ ಕಣ್ಣಿನ ಡಾಕ್ಟರ ಹತ್ತಿರ ಒಂದು ಪುಸ್ತಕ ಕೇಳಿ ತಂದರು. ಹಾಳೆ ತುಂಬ ಬಣ್ಣದ ಚುಕ್ಕೆಗಳು, ಚುಕ್ಕೆಗಳ ನಡುವೆ ಅಡಗಿದ ಒಂದು ಸಂಖ್ಯೆ. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದವರಿಗೆ ಆ ಸಂಖ್ಯೆ ಸಿಗದು.

ಮೊದಲ ಹಾಳೆ ಎಲ್ಲರಿಗೂ ಕಾಣುವಂಥದ್ದು. "ಹನ್ನೆರಡು" ಎಂದಳು ಹುಡುಗಿ. ಎರಡನೆಯದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕಿಟಕಿಯ ಬಳಿ ಒಯ್ದಳು.

"ಬರೀ ಚುಕ್ಕೆ ಇದೆ ಮಿಸ್. ಪ್ರಿಂಟ್ ತಪ್ಪಾಗಿದೆಯಾ?"

ಉಳಿದ ಹಾಳೆಗಳಲ್ಲೂ ಅದೇ ಕಥೆ. ಇನ್ನೊಂದು ದಿನ ನೋಡೋಣ ಎಂದು ಅವಳನ್ನು ಕಳಿಸಿದ ಮೇಲೆ, ತಾವೇ ಹದಿನೈದು ವರ್ಷ ಪಾಠ ಮಾಡಿದ್ದು ಟೀಚರಿಗೆ ನೆನಪಾಯಿತು. ಈ ದೋಷ ಗಂಡುಮಕ್ಕಳಿಗೆ ತಾಯಿಯಿಂದ ಬರುತ್ತದೆ. ಹೆಣ್ಣುಮಗಳಿಗೆ ಬರಬೇಕಾದರೆ ತಾಯಿ ಕಡೆಯದೊಂದೇ ಸಾಲದು, ತಂದೆಗೂ ಅದು ಇರಬೇಕು. ಆ ತಂದೆ ದಿನಾ ರೈಲು ಓಡಿಸುತ್ತಿದ್ದರು.

ಹೇಳಿಕಳಿಸಿದ ಮರುದಿನವೇ ಡ್ರೈವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು. ಮಗಳ ವಿಷಯ ಕೇಳಿ ಮುಖ ಬಾಡಿತು. ಟೀಚರು ಪುಸ್ತಕ ಮುಂದಿಟ್ಟು, "ನೀವೂ ಒಂದ್ಸಲ ನೋಡ್ತೀರಾ?" ಎಂದರು. ಹಾಳೆ ಹಾಳೆಗೂ ಅವರು ತಡವರಿಸದೆ ಸಂಖ್ಯೆ ಹೇಳುತ್ತ ಹೋದರು. ನಾಲ್ಕನೆಯದಾದ ಮೇಲೆ ಟೀಚರು ಎರಡು ಹಾಳೆ ಒಟ್ಟಿಗೆ ಮಗುಚಿದರು. ಡ್ರೈವರು ಹೇಳಿದ್ದು ಎದುರಿಗಿದ್ದ ಹಾಳೆಯದಲ್ಲ, ನಡುವೆ ದಾಟಿಹೋದ ಹಾಳೆಯ ಸಂಖ್ಯೆ.

ಟೀಚರು ಪುಸ್ತಕ ಮುಚ್ಚಿಟ್ಟರು. ಹೊರಗೆ ಮಕ್ಕಳು ಕಿರುಚುತ್ತ ಆಡುತ್ತಿದ್ದರು.

"ರೈಲ್ವೆ ಪರೀಕ್ಷೆಗೂ ಇದೇ ಪುಸ್ತಕ, ಬಾಯಿಪಾಠ ಮಾಡ್ಕೊಂಡಿದ್ದೆ ಮೇಡಂ," ಎಂದರು ಡ್ರೈವರು. "ಇಪ್ಪತ್ತೊಂದು ವರ್ಷ ಆಯ್ತು. ಪಕ್ಕದಲ್ಲಿ ಅಸಿಸ್ಟೆಂಟ್ ಸಿಗ್ನಲ್ ಕೂಗ್ತಾನೆ, ಕೆಂಪು ಮೇಲಾ ಕೆಳಗಾ ಅಂತ ನನಗೂ ಗೊತ್ತಿರುತ್ತೆ. ಒಂದು ದಿನಾನೂ ಎಡವಟ್ಟಾಗಿಲ್ಲ. ರಿಟೈರ್ ಆಗೋಕೆ ಇನ್ನು ನಾಲ್ಕೇ ವರ್ಷ."

"ನಿಮ್ಮ ಹಿಂದೆ ಎಷ್ಟು ಜನ ಕೂತಿರ್ತಾರೆ ಅಣ್ಣಾ?"

ಅವರು ಮುಚ್ಚಿದ ಪುಸ್ತಕವನ್ನು ಟೀಚರ ಕಡೆ ಸರಿಸಿದರು. ಟೀಚರೇ ಮುಂದುವರಿಸಿದರು. "ನೀವೇ ಹೋಗಿ ಹೇಳ್ಬಿಡಿ, ಇನ್ನೊಂದು ಸಲ ಗಾಡಿ ಹತ್ತೋ ಮುಂಚೆ. ಇಲ್ಲಾಂದ್ರೆ ನಾನೇ ಹೇಳ್ಬೇಕಾಗುತ್ತೆ."

"ಮಗಳಿಗೆ ನಾನು ಮೋಸಗಾರ ಅನ್ನಿಸಿಬಿಡುತ್ತೆ ಮೇಡಂ," ಎಂದು ಡ್ರೈವರು ಎದ್ದು ಹೋದರು. ಅಂದು ಸಂಜೆಯೇ ರೈಲ್ವೆ ಕಚೇರಿಗೆ ಹೋಗಿ ಒಪ್ಪಿಕೊಂಡರು. ವಿಚಾರಣೆ ಶುರುವಾಯಿತು, ಅವರನ್ನು ಇಂಜಿನಿನಿಂದ ಇಳಿಸಿ ಪಾರ್ಸೆಲ್ ಗೋದಾಮಿಗೆ ಹಾಕಿದರು. ಜೊತೆಗಿದ್ದ ಡ್ರೈವರುಗಳು ಎದುರು ಸಿಕ್ಕರೂ ಮುಖ ತಿರುಗಿಸಿದರು.

ಮೂರು ವಾರ ಕಳೆದು, ಮುಂದಿನ ಓದಿನ ಫಾರಂ ತುಂಬಲು ಹುಡುಗಿ ಲ್ಯಾಬಿಗೆ ಬಂದಳು. ಈಗ ಕ್ಲಾಸಿನಲ್ಲಿ ಅವಳನ್ನು ಯಾರೂ ಇಂಜಿನ್ ಎನ್ನುತ್ತಿರಲಿಲ್ಲ.

"ಅಪ್ಪ ಮನೇಲಿ ತುಟಿ ಬಿಚ್ಚಲ್ಲ ಮಿಸ್. ಅಮ್ಮ ನನ್ನ ಮೇಲೆ ಹರಿಹಾಯ್ತಾಳೆ. ರೈಲು ರೈಲು ಅಂತ ನೀನು ಕುಣೀದೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ ಅಂತಾಳೆ."

"ತಪ್ಪು ನಿಂದಲ್ಲ ಪುಟ್ಟಾ."

"ಮತ್ತೆ ಯಾರದು ಮಿಸ್?"

ಪುಸ್ತಕ ತಂದ ತಮ್ಮದೇ, ಸುಳ್ಳು ಹೇಳಿದ ಅಪ್ಪನದೇ, ಟೀಚರಿಗೇ ತಿಳಿಯಲಿಲ್ಲ. ಬೇರೆ ಬೇರೆ ಕೆಲಸಗಳ ಬಗ್ಗೆ ಏನೇನೋ ಹೇಳಿದರು. ಆ ಮಾತು ಅವರ ಕಿವಿಗೇ ಸಪ್ಪೆಯಾಗಿ ಕೇಳಿತು. ಹುಡುಗಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಯಾವುದಾದ್ರೂ ಬರ್ಕೊಳ್ಳಿ ಮಿಸ್."

ಟೀಚರು ಕಾಮರ್ಸ್ ಎಂದು ಬರೆದರು. ಹುಡುಗಿ ಓದದೆಯೇ ಸಹಿ ಹಾಕಿ, ಸ್ಟೂಲನ್ನು ಸದ್ದಾಗದಂತೆ ಒಳಗೆ ತಳ್ಳಿ ಹೊರಟುಹೋದಳು.